ಎಂಜಿಬಿ: 1964, 1970, 1977ರ ಕಾರುಗಳಲ್ಲಿ ಯಾವುದು ಒಳ್ಳೆಯದು?

ಪ್ರಶ್ನೆ: ನಾನು ಹಾಸನದ ಕಡೆಯವನು, ಹಲವು ವರ್ಷಗಳಿಂದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದೇನೆ. ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರಾದ ಎಂಜಿಬಿಯ ತೆರೆದ ಮೈಯ ಮಾದರಿಯೊಂದನ್ನು ಕೊಳ್ಳಬೇಕೆಂಬುದು ಬಹುದಿನದ ಆಸೆ. ಸದ್ಯ 1964, 1970 ಮತ್ತು 1977ರ ಮೂರು ಕಾರುಗಳನ್ನು ನೋಡಿ ಬಂದಿದ್ದೇನೆ. 1964ರದ್ದು ಎಲ್ಲಕ್ಕಿಂತ ಚೆಂದ, 1977ರದ್ದು ಎಲ್ಲಕ್ಕಿಂತ ಅಗ್ಗ. ರಜಾದಿನಗಳಲ್ಲಿ ಕರಾವಳಿ ರಸ್ತೆಯಲ್ಲಿ ಓಡಿಸಬೇಕು, ಸಣ್ಣಪುಟ್ಟ ರಿಪೇರಿಯನ್ನು ನಾನೇ ಮಾಡಿಕೊಳ್ಳಬೇಕು ಎಂಬುದು ನನ್ನ ಬಯಕೆ. ಯಾವ ವರ್ಷದ್ದನ್ನು ಆರಿಸಲಿ?

ಉತ್ತರ: ಮೂರರಲ್ಲಿ 1970ರದ್ದೇ ನಿಮಗೆ ತಕ್ಕ ಕಾರು, ಆದರೆ ಅದರ ತಳಭಾಗಕ್ಕೆ ತುಕ್ಕು ಹಿಡಿದಿರಬಾರದು. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ಮೊದಲಿನಿಂದ ಕೊನೆಯವರೆಗೂ ಎಂಜಿನ್ 1,798 ಸಿಸಿಯದೇ ಆಗಿದ್ದರೂ ಅದರ ಸುತ್ತಲಿನ ಬಹಳಷ್ಟು ಭಾಗಗಳು ಬದಲಾದವು. ಆ ಬದಲಾವಣೆಗಳಲ್ಲಿ ಕೆಲವು ಕಾರನ್ನು ಗಟ್ಟಿಗೊಳಿಸಿದರೆ, ಕೆಲವು ಅದರ ಚುರುಕನ್ನು ಕಿತ್ತುಕೊಂಡವು.

1964ರ ಕಾರು ಮನಸೆಳೆಯುವುದು ಸಹಜ. ಹಿಡಿದು ಎಳೆಯುವ ಬಾಗಿಲ ಹಿಡಿಗಳು, ಉಕ್ಕಿನ ಡ್ಯಾಶ್‌ಬೋರ್ಡ್, ಹಗುರವಾದ ಮೈ, ಇವೆಲ್ಲ ಮೂಲ ವಿನ್ಯಾಸದ ಸೊಬಗನ್ನು ಹಾಗೆಯೇ ಉಳಿಸಿಕೊಂಡಿವೆ. ಆದರೆ ಆ ವರ್ಷದ ಅಕ್ಟೋಬರ್‌ಗಿಂತ ಮೊದಲು ತಯಾರಾದ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟಿಗೆ (ಎಂಜಿನ್ನಿನ ಮುಖ್ಯ ತಿರುಗುವ ದಂಡಕ್ಕೆ) ಆಧಾರವಾಗಿ ಮೂರೇ ಮುಖ್ಯ ಬೇರಿಂಗ್‌ಗಳಿರುತ್ತವೆ, ಅನಂತರದವುಗಳಲ್ಲಿ ಐದು. ಮೂರು ಬೇರಿಂಗಿನ ಎಂಜಿನ್ ಹಗುರವಾಗಿ ತಿರುಗುತ್ತದೆಯಾದರೂ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಲು ಐದರದ್ದೇ ಹೆಚ್ಚು ತಾಳಿಕೆಯದು. ಇದಲ್ಲದೆ ಆ ಕಾರಿನಲ್ಲಿ ಬ್ಯಾಟರಿ ತುಂಬಲು ಆಲ್ಟರ್ನೇಟರ್ ಬದಲು ಹಳೆಯ ಬಗೆಯ ಡೈನಮೋ ಇರುತ್ತದೆ, ಒಂದನೇ ಗೇರಿಗೆ ಸಿಂಕ್ರೊ (ಗೇರು ಕರಕರ ಸದ್ದಿಲ್ಲದೆ ಕೂಡುವಂತೆ ಮಾಡುವ ಏರ್ಪಾಡು) ಇರುವುದಿಲ್ಲ, ಬ್ಯಾಟರಿಯ ಧನ ತುದಿ ಕಾರಿನ ಮೈಗೆ ಜೋಡಣೆಯಾಗಿರುತ್ತದೆ. ಇಂದಿನ ವಿದ್ಯುತ್ ಉಪಕರಣವನ್ನು ಯೋಚಿಸದೆ ಅದಕ್ಕೆ ಕೂಡಿಸಿದರೆ ಕ್ಷಣದಲ್ಲಿ ಸುಟ್ಟುಹೋಗಬಹುದು. ಹಳೆಯ ಕಾರುಗಳ ಒಡನಾಟವಿರುವವರಿಗೆ ಇವು ದೊಡ್ಡ ತೊಡಕುಗಳಲ್ಲ; ಮೊದಲ ಬಾರಿ ಕೊಳ್ಳುವವರಿಗೆ ನಾನು ಈ ಕಾರನ್ನು ಹೇಳುವುದಿಲ್ಲ.

1977ರ ಕಾರಿನ ಅಗ್ಗದ ಬೆಲೆಯ ಹಿಂದೆ ನೀವು ಮೊದಲೇ ತಿಳಿದಿರಬೇಕಾದ ಕಾನೂನೊಂದಿದೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಮಾದರಿ ವರ್ಷದ ಪೆಟ್ರೋಲ್ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ನಡೆಯುವ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ, 1976 ಮತ್ತು ನಂತರದವಕ್ಕೆ ಇಲ್ಲ. ಅಮೆರಿಕಕ್ಕೆಂದು ತಯಾರಾದ ಆ ಕಾಲದ ಎಂಜಿಬಿಯಲ್ಲಿ ಮೊದಲಿದ್ದ ಎಸ್‌ಯು ಕಂಪನಿಯ ಕಾರ್ಬ್ಯುರೇಟರ್‌ಗಳ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಸಾಧನಗಳ) ಜೋಡಿಯನ್ನು ತೆಗೆದು ಒಂದೇ ಝೆನಿತ್-ಸ್ಟ್ರಾಂಬರ್ಗ್ ಕಾರ್ಬ್ಯುರೇಟರ್ ಕೂರಿಸಿದರು, ಜೊತೆಗೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿಸಿದರು. ಮೊದಲು ಸುಮಾರು 95 ಅಶ್ವಶಕ್ತಿ ಎಂದು ಹೇಳುತ್ತಿದ್ದ ಎಂಜಿನ್ ಹೀಗೆ 60ರ ಆಸುಪಾಸಿಗೆ ಇಳಿಯಿತು. ಎರಡು ಕಾಲದ ಅಳತೆಯ ಕ್ರಮ ಬೇರೆಬೇರೆಯಾದರೂ ಏರು ರಸ್ತೆಯಲ್ಲಿ ಈ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ. ಬೇರೆ ಊರುಗಳಲ್ಲಿ ಹಳೆಯ ಕಾರ್ಬ್ಯುರೇಟರ್‌ಗಳನ್ನು ಮತ್ತೆ ಹಾಕಿಸಿ ಇದನ್ನು ಸರಿಪಡಿಸಿಕೊಳ್ಳುವವರಿದ್ದಾರೆ. ನಿಮ್ಮಲ್ಲಿ ಹಾಗೆ ಮಾಡಿದರೆ ಕಾರು ತಪಾಸಣೆಯಲ್ಲಿ ಉತ್ತೀರ್ಣವಾಗುವುದಿಲ್ಲ. 1974ರ ಕೊನೆಯಲ್ಲಿ ಬಂದ ಕಪ್ಪು ರಬ್ಬರ್ ಬಂಪರ್‌ಗಳ ಜೊತೆಗೆ ಅಮೆರಿಕದ ನಿಯಮಕ್ಕಾಗಿ ಕಾರನ್ನು ಸುಮಾರು ಒಂದು ಇಂಚು ಎತ್ತರಿಸಿದ್ದರಿಂದ ತಿರುವುಗಳಲ್ಲಿ ಅದು ವಾಲತೊಡಗಿತು. ಮುಂದೆಯೂ ಹಿಂದೆಯೂ ವಾಲಿಕೆ ತಡೆಯುವ ಆ್ಯಂಟಿ-ರೋಲ್ ಬಾರ್ ಹಾಕಿ ಆ ದೋಷವನ್ನು ಬಹುಮಟ್ಟಿಗೆ ತಗ್ಗಿಸಿದ್ದು 1977ರ ಮಾದರಿಯಲ್ಲಿಯೇ ಎಂಬುದನ್ನು ನಿಮ್ಮ ಕಾರಿನ ಪರವಾಗಿ ಹೇಳಲೇಬೇಕು.

ಇನ್ನು 1970ರ ಕಾರಿಗೆ ಬರೋಣ. 1968ರ ಮಾದರಿಯಿಂದ ನಾಲ್ಕೂ ಗೇರಿಗೆ ಸಿಂಕ್ರೊ, ಆಲ್ಟರ್ನೇಟರ್, ಋಣ ತುದಿ ಮೈಗೆ ಸೇರುವ ಬ್ಯಾಟರಿ ಜೋಡಣೆ ಬಂದವು. ಐದು ಬೇರಿಂಗಿನ ಎಂಜಿನ್ ಮತ್ತು ಜೋಡಿ ಕಾರ್ಬ್ಯುರೇಟರ್ ಹೇಗೂ ಇದ್ದವು. ಅಮೆರಿಕದ ಮಾದರಿಗಳಲ್ಲಿ 1972ರಿಂದ ಎಂಜಿನ್ನಿನ ಕಂಪ್ರೆಷನ್ (ಇಂಧನ-ಗಾಳಿಯ ಮಿಶ್ರಣವನ್ನು ಒತ್ತುವ ಪ್ರಮಾಣ) ಇಳಿಸಲಾಯಿತು, ಅದರೊಡನೆ ಶಕ್ತಿಯೂ ಇಳಿಯಿತು. ಆದ್ದರಿಂದ 1968ರಿಂದ 1971ರವರೆಗಿನ ನಾಲ್ಕು ವರ್ಷಗಳನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. 1970ರಲ್ಲಿ ಮುಂಭಾಗದ ಗ್ರಿಲ್ಲನ್ನು ಒಳಕ್ಕೆ ಸರಿಸಿದ್ದು ನಿಮ್ಮ ಕಣ್ಣಿಗೆ ಹಿಡಿಸದಿದ್ದರೆ 1968 ಅಥವಾ 1969ರದ್ದನ್ನು ಹುಡುಕಿ. ಅವುಗಳಲ್ಲಿ ಮೊದಲಿನ ಕ್ರೋಮ್ ಗ್ರಿಲ್ ಇದೆ, ಡ್ಯಾಶ್‌ಬೋರ್ಡ್ ಮಾತ್ರ ಮೆತ್ತೆಯದು. ಓವರ್‌ಡ್ರೈವ್ (ವೇಗದ ಓಟಕ್ಕೆಂದೇ ಇರುವ ಹೆಚ್ಚುವರಿ ಗೇರು) ಇರುವ ಕಾರು ಸಿಕ್ಕರೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ, ಏಕೆಂದರೆ ಗಂಟೆಗೆ 65 ಮೈಲಿ ವೇಗದಲ್ಲಿ ಎಂಜಿನ್ನಿನ ಸುತ್ತು ನಿಮಿಷಕ್ಕೆ ಸುಮಾರು 3,600ರಿಂದ 3,000ಕ್ಕೆ ಇಳಿಯುತ್ತದೆ, ಸದ್ದೂ ಅಷ್ಟೇ ತಗ್ಗುತ್ತದೆ.

ಇಷ್ಟು ಹೇಳಿದ ಮೇಲೂ, ತುಕ್ಕು ಹಿಡಿದ 1970ರ ಕಾರಿಗಿಂತ ಗಟ್ಟಿಯಾದ 1973ರ ಕಾರು ಎಷ್ಟೋ ಮೇಲು. ಎಂಜಿಬಿಗೆ ಪ್ರತ್ಯೇಕ ಚಾಸಿ, ಅಂದರೆ ಮೈಯನ್ನು ಹೊರುವ ಕೆಳಚೌಕಟ್ಟು, ಇಲ್ಲ. ಬಾಗಿಲ ಕೆಳಗೆ ಉದ್ದಕ್ಕೂ ಸಾಗುವ ತಗಡಿನ ಪೆಟ್ಟಿಗೆಯಂಥ ತೊಲೆಗಳಾದ ಸಿಲ್‌ಗಳೇ ತೆರೆದ ಕಾರಿನ ಬೆನ್ನೆಲುಬು. ಹೊರಗಿನ ತಗಡಿಗೆ ಹೊಸ ಬಣ್ಣ ಬಳಿದು ಒಳಗಿನ ಕೊಳೆತ ಪದರವನ್ನು ಮುಚ್ಚಿಟ್ಟಿರುವ ಕಾರುಗಳನ್ನು ನಾನು ಸಾಕಷ್ಟು ಕಂಡಿದ್ದೇನೆ, ಅವುಗಳನ್ನು ನಂಬಿ ಕೊಂಡವರ ಸಂಕಟವನ್ನೂ ಕಂಡಿದ್ದೇನೆ. ಮಾರುವವರ ಒಪ್ಪಿಗೆ ಪಡೆದು, ಕಾರಿನದೇ ಜ್ಯಾಕ್ ಇಡುವ ಜಾಗದಲ್ಲಿ ಒಂದು ಬದಿಯನ್ನು ಎತ್ತಿ, ಆ ಬದಿಯ ಬಾಗಿಲನ್ನು ತೆರೆದು ಮುಚ್ಚಿ ನೋಡಿ. ಬಾಗಿಲು ಬಿಗಿದುಕೊಂಡರೆ, ಅಥವಾ ಬಾಗಿಲ ಹಿಂದಿನ ಸಂದು ಎತ್ತುವ ಮೊದಲಿದ್ದುದಕ್ಕಿಂತ ಬದಲಾದರೆ, ಸಿಲ್ ಶಕ್ತಿ ಕಳೆದುಕೊಂಡಿದೆ ಎಂದೇ ಅರ್ಥ. ಮುಂದಿನ ಚಕ್ರದ ಹಿಂಬದಿಯಲ್ಲಿ ಮಡ್‌ಗಾರ್ಡಿನ ಕೆಳತುದಿಗೆ ಅಯಸ್ಕಾಂತ ಹಿಡಿದು ನೋಡುವುದನ್ನೂ ಮರೆಯಬೇಡಿ. ಅದು ಅಂಟದಿದ್ದರೆ ಅಲ್ಲಿರುವುದು ತಗಡಲ್ಲ, ತೂತು ಮುಚ್ಚಲು ಮೆತ್ತಿದ ಪುಟ್ಟಿ. ಎಂಜಿನ್, ಬ್ರೇಕ್, ಸಸ್ಪೆನ್ಷನ್‌ಗಳ ಬಿಡಿಭಾಗಗಳು ಇಂದಿಗೂ ಸುಲಭವಾಗಿ ಸಿಗುತ್ತವೆ, ಮನೆಯಲ್ಲೇ ಬದಲಿಸಬಹುದು. ಸಿಲ್ ಕೆಲಸಕ್ಕೆ ನುರಿತ ವೆಲ್ಡರ್ ಬೇಕು, ಅದರ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು.

ಕೊನೆಯದಾಗಿ, ಮಾರುವವರು ಹೇಳುವ ವರ್ಷವನ್ನು ಕಾರಿನ ಸಂಖ್ಯೆಯೊಡನೆ ತಾಳೆ ನೋಡಿ. ಅಮೆರಿಕಕ್ಕೆಂದು ತಯಾರಾದ 1970ರ ಮಾದರಿಯ ಸಂಖ್ಯೆ ‘ಜಿಎಚ್‌ಎನ್5ಯುಎ’ ಎಂದು ಆರಂಭವಾಗುತ್ತದೆ, 1971ರದ್ದಾದರೆ ಕೊನೆಯ ಅಕ್ಷರ ‘ಬಿ’. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂಗೆ ಆ ಸಂಖ್ಯೆಯನ್ನು ಕಳುಹಿಸಿ ಶುಲ್ಕ ಕಟ್ಟಿದರೆ, ಕಾರು ತಯಾರಾದ ದಿನಾಂಕ ಮತ್ತು ಮೂಲ ಬಣ್ಣವನ್ನು ತಿಳಿಸುವ ಪ್ರಮಾಣಪತ್ರ ದೊರೆಯುತ್ತದೆ. ಮುಂಗಡ ಕೊಡುವ ಮೊದಲೇ ಅದನ್ನು ತರಿಸಿಕೊಳ್ಳಿ.