ಪೇತ್ರರ ಕಣ್ಣೀರು, ಪಕ್ಕದಲ್ಲಿ ಬೀಗದ ಕೈ

ಪ್ರಶ್ನೆ: ವರ್ಣಚಿತ್ರಕಾರ ಹುಸೆಪೆ ದೆ ರಿಬೇರಾ 1621ರಲ್ಲಿ ರಚಿಸಿದ ‘ಸಂತ ಪೇತ್ರರ ಪಶ್ಚಾತ್ತಾಪ’ ಎಂಬ ಮುದ್ರಣಚಿತ್ರದಲ್ಲಿ ಗಡ್ಡದ ಮುದುಕರೊಬ್ಬರು ಮೊಣಕಾಲೂರಿ, ಬೆರಳುಗಳನ್ನು ಹೆಣೆದು ಮೇಲೆ ನೋಡುತ್ತಿದ್ದಾರೆ. ಸ್ವರ್ಗದ ಬೀಗದ ಕೈಗಳು ಅವರ ಕೈಯಲ್ಲಿರದೆ ಪಕ್ಕದಲ್ಲಿರುವುದೇಕೆ? ಇದು ತಾಮ್ರದ ಮೇಲೆ ಉಳಿಯಿಂದ ಕೆತ್ತಿದ್ದೇ?

ಉತ್ತರ: ಯೇಸುವನ್ನು ಬಂಧಿಸಿದ ರಾತ್ರಿ, ಕೋಳಿ ಕೂಗುವುದರೊಳಗೆ ಮೂರು ಸಲ ತಾನು ಆತನನ್ನು ಅರಿಯೆನೆಂದ ಶಿಷ್ಯ ಪೇತ್ರರು ಹೊರಗೆ ಹೋಗಿ ಬಹಳವಾಗಿ ಅತ್ತರೆಂದು ಬೈಬಲಿನ ಶುಭಸಂದೇಶಗಳು ಹೇಳುತ್ತವೆ. ಬೀಗದ ಕೈಗಳನ್ನು ಕೊಡುವೆನೆಂಬ ಯೇಸುವಿನ ಮಾತು ಮತ್ತಾಯನ ಶುಭಸಂದೇಶದ 16ನೆಯ ಅಧ್ಯಾಯದಲ್ಲಿಯೂ ಈ ನಿರಾಕರಣೆ 26ನೆಯ ಅಧ್ಯಾಯದಲ್ಲಿಯೂ ಬರುತ್ತವೆ. ಎಂದರೆ ಪೇತ್ರರು ಎಡವಿದ್ದು ಅಧಿಕಾರದ ವಾಗ್ದಾನ ಪಡೆದ ಮೇಲೆ. ಹಾಗಾಗಿ ಆ ಬೀಗದ ಕೈಗಳನ್ನು ಸಂತನನ್ನು ಗುರುತಿಸುವ ಲಾಂಛನವೆಂದಷ್ಟೇ ನೋಡಿದರೆ ಸಾಲದು. ಕಥೋಲಿಕರು ಮೊದಲ ಪೋಪ್ ಎಂದು ಗೌರವಿಸುವವರನ್ನು ರಿಬೇರಾ ಇಲ್ಲಿ ಪದವಿಯಿಂದ ಬಿಡಿಸಿ, ಕ್ಷಮೆ ಬೇಡುವ ಒಬ್ಬ ಮನುಷ್ಯನನ್ನಾಗಿ ತೋರಿಸಿದ್ದಾನೆ ಎಂದೇ ನನಗನಿಸುತ್ತದೆ.

ಇದಕ್ಕೆ ಕಾಲದ ಒತ್ತಡವೂ ಇತ್ತು. ಗುರುಗಳ ಮುಂದೆ ಪಾಪವನ್ನು ಒಪ್ಪಿಕೊಳ್ಳುವ ಪಾಪನಿವೇದನೆಯನ್ನು ಪವಿತ್ರ ಸಂಸ್ಕಾರವೆಂದು ಒಪ್ಪದ ಪ್ರಾಟೆಸ್ಟೆಂಟರಿಗೆ ಉತ್ತರವಾಗಿ ಕಥೋಲಿಕ ಧರ್ಮಾಧ್ಯಕ್ಷರ ಟ್ರೆಂಟ್ ಮಹಾಸಭೆಯು 1551ರಲ್ಲಿ ಅದನ್ನು ಎತ್ತಿಹಿಡಿದ ನಂತರ, ಅಳುವ ಪೇತ್ರರೂ, ಪಾಪಕ್ಕೆ ಮರುಗಿದವಳೆಂದು ಚಿತ್ರಿಸಲಾಗುತ್ತಿದ್ದ ಯೇಸುವಿನ ಅನುಯಾಯಿ ಮಗ್ದಲದ ಮರಿಯಳೂ ಕಥೋಲಿಕ ಚಿತ್ರಕಾರರಿಗೆ ಮತ್ತೆ ಮತ್ತೆ ಬೇಕಾದ ವಿಷಯಗಳಾದರು. ಸ್ಪೇನಿನಲ್ಲಿ ಹುಟ್ಟಿದ ರಿಬೇರಾ 1616ರಿಂದ ನೆಲೆಸಿದ್ದ ಇಟಲಿಯ ನೇಪಲ್ಸ್ ಆಗ ಕಥೋಲಿಕ ಸ್ಪೇನಿನ ಆಳ್ವಿಕೆಯಲ್ಲಿಯೇ ಇತ್ತು.

ಇನ್ನು ಕೆತ್ತನೆಯ ವಿಚಾರ. ಇದು ಮುಖ್ಯವಾಗಿ ಎಚಿಂಗ್. ಉಳಿಯಿಂದ ಕೆತ್ತುವವನು ತಾಮ್ರವನ್ನೇ ಸೀಳಿಕೊಂಡು ಹೋಗಬೇಕಾದ್ದರಿಂದ ಅವನ ಗೆರೆ ಶಿಸ್ತಿನಿಂದ ಉಬ್ಬಿ, ತುದಿಯಲ್ಲಿ ಚೂಪಾಗುತ್ತದೆ. ಎಚಿಂಗಿನಲ್ಲಿಯಾದರೋ ಕಲಾವಿದನು ಫಲಕದ ಮೇಲಿನ ಮೇಣದಂಥ ಲೇಪವನ್ನಷ್ಟೇ ಸೂಜಿಯಿಂದ ಗೀರುತ್ತಾನೆ; ಬಯಲಾದ ತಾಮ್ರವನ್ನು ಆಮ್ಲ ಕೊರೆಯುತ್ತದೆ, ಆ ತೋಡುಗಳಲ್ಲಿ ತುಂಬಿದ ಮಸಿ ಒತ್ತುಯಂತ್ರದಲ್ಲಿ ಒದ್ದೆ ಕಾಗದಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಗೀಚುವಷ್ಟೇ ಸಲೀಸಾದ ಈ ವಿಧಾನ ರಿಬೇರಾನಂಥ ವರ್ಣಚಿತ್ರಕಾರನಿಗೆ ಒಗ್ಗುವುದು ಸಹಜ. ಹಣೆಯ ಸುಕ್ಕು, ಕೈಗಳ ಗಂಟುಗಳನ್ನು ಅವನು ಚಿಕ್ಕ ಗೆರೆ, ಚುಕ್ಕಿಗಳಿಂದ ಮೂಡಿಸಿ, ಬೆಳಕು ಬೀಳುವಲ್ಲಿ ಕಾಗದವನ್ನು ಖಾಲಿ ಬಿಟ್ಟಿರುವುದನ್ನು ಭೂತಗನ್ನಡಿ ಹಿಡಿದೇ ನೋಡಬೇಕು.

ಅವನ ಮುದ್ರಣಚಿತ್ರಗಳ ಸಂಖ್ಯೆ ಇಪ್ಪತ್ತನ್ನೂ ಮುಟ್ಟದು. ಅವುಗಳಲ್ಲಿ ಕಲಿಯುವವರಿಗೆ ಮಾದರಿಯಾಗಿ 1622ರ ಸುಮಾರಿಗೆ ಮಾಡಿದ, ಬರಿಯ ಕಣ್ಣು, ಕಿವಿ, ಮೂಗು, ಬಾಯಿಗಳ ಹಾಳೆಗಳೂ ಸೇರಿವೆ; ಸಿಕ್ಕಿದರೆ ಪೇತ್ರರ ಮುಖದ ಪಕ್ಕದಲ್ಲಿಟ್ಟು ನೋಡಿ.