ಜಂಬಿಟ್ಟಿಗೆ ಮನೆಗೆ ಅತಿಥಿಗಳು ಬರುವ ಮೊದಲು

ಪ್ರಶ್ನೆ: ಹೊಸನಗರ ತಾಲ್ಲೂಕಿನಲ್ಲಿ ನಮ್ಮದೊಂದು ತೊಟ್ಟಿಮನೆ ಇದೆ. ಅಜ್ಜನ ಅಪ್ಪ ಕಟ್ಟಿಸಿದ್ದಂತೆ. ಜಂಬಿಟ್ಟಿಗೆ ಗೋಡೆ, ಮಂಗಳೂರು ಹಂಚು, ಉಪ್ಪರಿಗೆಯಲ್ಲಿ ನಾಲ್ಕು ಕೋಣೆ. ಈಗ ಅಲ್ಲಿ ಅಮ್ಮ ಮತ್ತು ಅಣ್ಣನ ಸಂಸಾರ ಇದೆ. ನಾನು ಬೆಂಗಳೂರಿನ ಕೆಲಸ ಬಿಟ್ಟು ಬಂದು ಹೋಂಸ್ಟೇ ನಡೆಸಬೇಕೆಂದಿದ್ದೇನೆ. ಯೋಗ, ಬರವಣಿಗೆಯ ಶಿಬಿರಗಳಿಗೂ ಕೊಡುವ ಆಸೆ. ಗೋಡೆಯಲ್ಲಿ ನೆಲದಿಂದ ಮೂರಡಿವರೆಗೆ ಸುಣ್ಣ ಉದುರುತ್ತಿದೆ. ಸಿಮೆಂಟು ಗಿಲಾವು ಮಾಡಿ, ನೆಲಕ್ಕೆ ಟೈಲ್ಸ್ ಹಾಕಿ, ಉಪ್ಪರಿಗೆಯ ಪ್ರತಿ ಕೋಣೆಗೂ ಬಾತ್‌ರೂಮ್ ಕೂಡಿಸೋಣ ಎನ್ನುತ್ತಾರೆ ಕಂಟ್ರಾಕ್ಟರು. ಅಮ್ಮನಿಗೆ ಈ ಯೋಚನೆಯೇ ಇಷ್ಟವಿಲ್ಲ. ‘ಕೆಳದಿ ಅರಸರ ಕಾಲದ ಮನೆ’ ಎಂದು ಜಾಹೀರಾತು ಕೊಡಬಹುದೇ? — ಓದುಗರು, ಹೊಸನಗರ

ಉತ್ತರ: ಕಂಟ್ರಾಕ್ಟರಿಗೆ ಸದ್ಯಕ್ಕೆ ಬೇಡ ಅನ್ನಿ. ಅವರು ಹೇಳಿದ ಮೂರೂ ಕೆಲಸ ನಿಮ್ಮ ಗೋಡೆಗೆ ನೀರು ತುಂಬುವ ಕೆಲಸಗಳು.

ಜಂಬಿಟ್ಟಿಗೆಯ ಸ್ವಭಾವ ಮೊದಲು ತಿಳಿಯಬೇಕು. ನೆಲದಲ್ಲಿದ್ದಾಗ ಕೊಡಲಿಯಲ್ಲಿ ಕಡಿಯುವಷ್ಟು ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. 1807ರಲ್ಲಿ ಪುಸ್ತಕ ಬರೆದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಕೇರಳದ ಅಂಗಾಡಿಪುರಂನಲ್ಲಿ ಕಂಡ ಇದೇ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ನಮ್ಮವರು ಕರೆಯುವ ಹೆಸರಿನೊಳಗೂ ಇಟ್ಟಿಗೆ ಇದೆ. ನೋಡಲು ಕಲ್ಲು, ಆದರೆ ಮೈತುಂಬ ತೂತು. ಮಳೆಗಾಲದಲ್ಲಿ ತೇವ ಹೀರುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಮಣ್ಣಿನ ಗಾರೆ, ಸುಣ್ಣದ ಗಿಲಾವು ಇದ್ದಷ್ಟು ದಿನ ಈ ಹೋಗು-ಬರುವಿಗೆ ಅಡ್ಡಿಯಿರಲಿಲ್ಲ. ಸಿಮೆಂಟು ಬಳಿದರೆ ನೀರು ಒಳಗೆ ಬರುವ ದಾರಿ ಉಳಿಯುತ್ತದೆ, ಹೊರಗೆ ಹೋಗುವ ದಾರಿ ಮುಚ್ಚುತ್ತದೆ. ನೆಲಕ್ಕೆ ಟೈಲ್ಸ್ ಹಾಕಿದರೂ ಇದೇ ಕಥೆ. ಹಳೇ ಮನೆ ದುರಸ್ತಿಯ ಈ ಕಸುಬಿಗೆ ನಾನು ಬಂದ ಹೊಸತರಲ್ಲಿ ತೀರ್ಥಹಳ್ಳಿ ಕಡೆಯ ಒಂದು ಮನೆಗೆ ಸಿಮೆಂಟು ಬಳಿಸಿದ್ದೆ. ಮೂರನೇ ಮಳೆಗಾಲಕ್ಕೆ ತೇವ ಮೂರಡಿಯಿಂದ ಐದಡಿಗೆ ಏರಿತ್ತು, ಗಿಲಾವು ಹಪ್ಪಳದಂತೆ ಎದ್ದಿತ್ತು. ಆ ಮನೆಯವರ ಮುಖ ಇವತ್ತಿಗೂ ಮರೆತಿಲ್ಲ. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಿಮ್ಮ ಗೋಡೆಯ ಕಾಯಿಲೆಗೆ ಕಾರಣ ಗೋಡೆಯಲ್ಲಿಲ್ಲ, ಹೊರಗಿನ ನೆಲದಲ್ಲಿದೆ. ಹಿತ್ತಿಲ ಕಡೆ ಹೋಗಿ ನೋಡಿ. ವರ್ಷವರ್ಷವೂ ಧರೆಯಿಂದ, ಅಂದರೆ ಕಡಿದ ಗುಡ್ಡದ ಅಂಚಿನಿಂದ, ಜಾರಿದ ಮಣ್ಣು ಪಂಚಾಂಗದ (ತಳಪಾಯದ) ಕಲ್ಲನ್ನು ಮುಚ್ಚಿರುತ್ತದೆ. ಸುತ್ತ ಸಿಮೆಂಟಿನ ಕಟ್ಟೆ ಹಾಕಿದ್ದರೆ ಕೇಳುವುದೇ ಬೇಡ. ಆ ಮಣ್ಣು ತೆಗೆದು ಹೊರಗಿನ ನೆಲವನ್ನು ಒಳಗಿನ ನೆಲಕ್ಕಿಂತ ಒಂದೂವರೆ ಅಡಿಯಾದರೂ ತಗ್ಗಿಸಿ. ಧರೆಯ ಬುಡದಲ್ಲಿ ಅಗಳು ತೋಡಿಸಿ ನೀರನ್ನು ತೋಟದ ಕಪ್ಪಿಗೆ (ಬಸಿಗಾಲುವೆಗೆ) ತಿರುಗಿಸಿ. ಮಳೆ ಹೊಡೆಯುವ ಪಡುವಣ ಗೋಡೆಗೆ ನಿಮ್ಮ ಅಜ್ಜಿ ಅಡಿಕೆ ಸೋಗೆಯ ತಟ್ಟಿ ಕಟ್ಟಿಸುತ್ತಿದ್ದರೋ ಅಮ್ಮನನ್ನು ಕೇಳಿ. ಕಟ್ಟಿಸುತ್ತಿದ್ದರೆ ಮತ್ತೆ ಕಟ್ಟಿಸಿ, ಅತಿಥಿಗಳಿಗೆ ಅದು ಚೆಂದವೇ ಕಾಣುತ್ತದೆ. ಆಮೇಲೆ ಒಂದು ಪೂರ್ತಿ ಬೇಸಿಗೆ ಗೋಡೆಯನ್ನು ಹಾಗೇ ಬಿಡಿ. ಒಂದೂವರೆ ಅಡಿ ದಪ್ಪದ ಗೋಡೆ ಒಂದು ತಿಂಗಳಲ್ಲಿ ಒಣಗುವುದಿಲ್ಲ. ಒಣಗಿದ ಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಿಲಾವು ಮಾಡಿಸಿ. ಸುಣ್ಣವನ್ನು ನೀರಿನಲ್ಲಿ ಅರಳಿಸಿ ಕನಿಷ್ಠ ಎರಡು ವಾರ ಮುಳುಗಿಸಿಟ್ಟಿರಬೇಕು. ಹೊರಗೆ ಪ್ಲಾಸ್ಟಿಕ್ ಬಣ್ಣ ಬೇಡವೇ ಬೇಡ.

ಇನ್ನು ಬಾತ್‌ರೂಮು. ಅಟ್ಯಾಚ್ಡ್ ಇಲ್ಲದಿದ್ದರೆ ಯಾರೂ ಬರುವುದಿಲ್ಲ ಎಂಬ ಹೆದರಿಕೆ ನಿಮಗಿರಬಹುದು. ಆದರೆ ಮರದ ತೊಲೆ, ಜಂತಿಗಳ ಮೇಲೆ ನಿಂತ ಉಪ್ಪರಿಗೆಗೆ ನಾಲ್ಕು ಬಾತ್‌ರೂಮು ಏರಿಸಿದರೆ ಒಂದಲ್ಲ ಒಂದು ಪೈಪು ಸೋರಿಯೇ ಸೋರುತ್ತದೆ. ಸೋರಿದ್ದು ಗೊತ್ತಾಗುವಷ್ಟರಲ್ಲಿ ತೊಲೆಯ ತುದಿ ಗೋಡೆಯೊಳಗೇ ಕೊಳೆತಿರುತ್ತದೆ. ನೀರಿನ ಕೆಲಸವೆಲ್ಲ ಹಳೆಯ ಗೋಡೆಯಿಂದ ಆಚೆಗೇ ಇರಲಿ. ಖಾಲಿ ಬಿದ್ದ ಕೊಟ್ಟಿಗೆಯಿದ್ದರೆ ಅದೇ ಜಾಗದಲ್ಲಿ ಹೊಸ ಅಡಿಪಾಯ ಹಾಕಿ ಸ್ನಾನ, ಶೌಚದ ಸಾಲು ಕಟ್ಟಿ, ಮನೆಯಿಂದ ಅಲ್ಲಿಗೆ ಹಂಚಿನ ಮಾಡಿನ ನಡೆದಾರಿ ಮಾಡಿ. ಮಳೆಯಲ್ಲಿ ನೆನೆಯದೆ ಹೋಗಿಬರುವಂತಿದ್ದರೆ ಯಾರೂ ದೂರುವುದಿಲ್ಲ. ಶೌಚದ ಗುಂಡಿ ಬಾವಿಗಿಂತ ಕೆಳಗಿನ ಇಳಿಜಾರಿನಲ್ಲಿ, 20 ಮೀಟರಿಗಿಂತ ಹೆಚ್ಚು ದೂರದಲ್ಲಿರಲಿ. ಅದಕ್ಕೆ ಜಾಗ ನೋಡುವುದು ಮಾರ್ಚಿನಲ್ಲಲ್ಲ, ಜುಲೈನಲ್ಲಿ. ಬೇಸಿಗೆಯಲ್ಲಿ ಒಣಗಿ ಕಂಡ ಹಕ್ಕಲು (ಪಾಳುಜಾಗ) ಆಷಾಢದಲ್ಲಿ ಒರತೆಯಾಗಿರುತ್ತದೆ.

ಬಚ್ಚಲಿನ ಹಂಡೆ, ಒಲೆಗಳನ್ನು ಕೀಳಬೇಡಿ. ಹಳೇ ಮನೆಗಳ ಮರ ನೂರು ವರ್ಷ ಉಳಿದಿದ್ದಕ್ಕೆ ಒಳ್ಳೆಯ ಭೋಗಿ, ಹಲಸು, ಹೊನ್ನೆ ಒಂದು ಕಾರಣವಾದರೆ, ಅಡುಗೆ ಒಲೆಯ ಹೊಗೆ ಇನ್ನೊಂದು. ಹೊಗೆ ಮಾಡಿನ ಪಕಾಸಿಗಳನ್ನು (ಮರದ ಪಟ್ಟಿಗಳನ್ನು) ಒಣಗಿಸಿಡುತ್ತಿತ್ತು, ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ಗ್ಯಾಸು ಬಂದ ಮೇಲೆ ಅಟ್ಟಕ್ಕೆ ಒರಲೆ (ಗೆದ್ದಲು) ಹತ್ತಿದ ಮನೆಗಳನ್ನು ಸಾಕಷ್ಟು ನೋಡಿದ್ದೇನೆ. ಅತಿಥಿಗಳ ಸ್ನಾನಕ್ಕೆ ಅಡಿಕೆ ಸಿಪ್ಪೆ ಉರಿಸಿ ಹಂಡೆಯಲ್ಲೇ ನೀರು ಕಾಯಿಸಿ. ಪ್ರತಿ ವರ್ಷ ಮೇ ತಿಂಗಳೊಳಗೆ ಹಂಚು ಕೈಯಾಡಿಸಲೇಬೇಕು, ಅಂದರೆ ಒಡೆದದ್ದನ್ನು ಬದಲಿಸಿ ಮತ್ತೆ ಜೋಡಿಸಬೇಕು. ಚದರ ಮೀಟರಿಗೆ 15 ಹಂಚಿನ ಲೆಕ್ಕದಲ್ಲಿ ಹಳೇ ಹಂಚನ್ನು ಸ್ವಲ್ಪ ಹೆಚ್ಚೇ ಕೂಡಿಟ್ಟುಕೊಳ್ಳಿ. ಊರಲ್ಲಿ ಯಾರದೋ ಮನೆ ಬಿಚ್ಚುವಾಗ ಸಿಗುತ್ತದೆ. ಹಾಗೆ ಬಿಚ್ಚಿದ ಮನೆಗಳ ಕಂಬಗಳು ಲಾರಿ ಹತ್ತಿ ಪೇಟೆಯ ರೆಸಾರ್ಟುಗಳಿಗೆ ಹೋಗುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ನಿಮ್ಮ ಕಂಬಗಳು ನಿಂತಲ್ಲೇ ನಿಲ್ಲಲಿ.

ಕೆಳದಿಯ ಹೆಸರು ಹಾಕಬೇಡಿ. ಹೈದರಾಲಿ ಅವರ ರಾಜಧಾನಿ ಬಿದನೂರು ಗೆದ್ದದ್ದು 1763ರಲ್ಲಿ, ಅಲ್ಲಿಗೆ ಕೆಳದಿ ಅರಸರ ಆಳ್ವಿಕೆ ಮುಗಿಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾಗಿದ್ದು 1865ರಲ್ಲಿ. ನಿಮ್ಮ ಅಜ್ಜನ ಅಪ್ಪನ ಕಾಲ ಇದರ ಈಚೆಗೇ ಬರುತ್ತದೆ. ಅದೇನು ಕಡಿಮೆಯೇ? ಅವರು ಎಲ್ಲಿಯ ಕಲ್ಲು ತಂದರು, ಮರ ಯಾವ ಕಾಡಿನದು, ಬಡಗಿ ಎಲ್ಲಿಯವ ಎಂಬುದನ್ನು ಅಮ್ಮನಿಂದ ಕೇಳಿ ಬರೆದಿಡಿ. ಹಂಚನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು ಸಿಕ್ಕೀತು. ಪೆಟ್ಟಿಗೆಯಲ್ಲಿ ತಾಳೆಗರಿ ಅಥವಾ ಮೋಡಿ ಅಕ್ಷರದ (ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿಯ) ಕಾಗದವಿದ್ದರೆ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ವಿಚಾರಿಸಿ. ಬರುವವರಿಗೆ ಹೇಳಬೇಕಾದ ಕಥೆ ನಿಮ್ಮ ಮನೆಯದೇ ಆಗಿರಲಿ. ಗೋಡೆಗೆ ಹಸೆ ಚಿತ್ತಾರ ಬೇಕೆನ್ನಿಸಿದರೆ ಪೇಟೆಯ ಪೇಂಟರಿಂದ ಬರೆಸಬೇಡಿ. ಸಾಗರ, ಸೊರಬ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳನ್ನು ಕರೆಸಿ, ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಬರೆಸಿ, ತಕ್ಕ ಸಂಭಾವನೆ ಕೊಡಿ.

ಅಮ್ಮನ ಮಾತಿಗೆ ಬರುತ್ತೇನೆ. ಅವರು ಬೇಡ ಅನ್ನುವುದು ಹಟವಲ್ಲ. ಗುರುತಿಲ್ಲದವರು ದೇವರ ಕೋಣೆಯ ಮುಂದೆ ಓಡಾಡುತ್ತಾರೆ, ಅಡುಗೆಮನೆಗೆ ಇಣುಕುತ್ತಾರೆ ಎಂಬ ಕಸಿವಿಸಿ ಅದು. ಹೆಬ್ಬಾಗಿಲು, ಜಗಲಿ, ಉಪ್ಪರಿಗೆ ಅತಿಥಿಗಳಿಗೆ. ನಡುಮನೆಯಿಂದ ಒಳಗೆಲ್ಲ ಮನೆಯವರಿಗೆ. ಈ ಗೆರೆಯನ್ನು ಅಮ್ಮನ ಕೈಯಲ್ಲೇ ಎಳೆಸಿ. ಒಮ್ಮೆ ಅವರನ್ನು ಕುಪ್ಪಳಿಯಲ್ಲಿರುವ ಕುವೆಂಪು ಅವರ ಕವಿಮನೆಗೆ ಕರೆದುಕೊಂಡು ಹೋಗಿ. ದಿನಾ ಜನ ಬಂದುಹೋಗುವ ಮನೆ ತನ್ನ ಮರ್ಯಾದೆ ಉಳಿಸಿಕೊಂಡಿರುವುದನ್ನು ಅವರೇ ನೋಡಲಿ. ಅಣ್ಣ-ಅತ್ತಿಗೆಯ ಒಪ್ಪಿಗೆಯನ್ನೂ ಬಾಯಿಮಾತಿಗೆ ಬಿಡದೆ ಕಾಗದದಲ್ಲಿ ಬರೆಸಿಕೊಳ್ಳಿ. ಆಸ್ತಿ ಪಾಲಾಗಿಲ್ಲದಿದ್ದರೆ ಇದು ಮೊದಲ ಕೆಲಸ.

ಶಿಬಿರಗಳಿಗೆ ತೊಟ್ಟಿಮನೆ ಹೇಳಿಮಾಡಿಸಿದ ಜಾಗ. ಹತ್ತು-ಹನ್ನೆರಡು ಜನ ತೊಟ್ಟಿಯ ಸುತ್ತ ಕೂತರೆ ಮೈಕು ಬೇಡ. ಆದರೆ ಅಡಿಕೆಯ ಕೊನೆಕೊಯ್ಲಿನ (ಗೊನೆ ಕೊಯ್ಯುವ) ತಿಂಗಳುಗಳಲ್ಲಿ ಅಂಗಳದ ತುಂಬ ಅಡಿಕೆ ಇರುತ್ತದೆ, ರಾತ್ರಿಯೆಲ್ಲ ಸುಲಿಯುವವರ ಮಾತುಕತೆ. ಮೌನ ಬೇಕೆನ್ನುವ ಶಿಬಿರವನ್ನು ಆಗ ಒಪ್ಪಿಕೊಳ್ಳಬೇಡಿ. ಮಳೆಗಾಲದಲ್ಲಿ ಹಾಸಿಗೆಗೆ ಬೂಸಲು ಬರುತ್ತದೆ, ಮೂರು ದಿನ ಕರೆಂಟು ಹೋಗಬಹುದು. ಇದನ್ನು ಬುಕಿಂಗ್ ಮಾಡುವಾಗಲೇ ಹೇಳಿಬಿಡಿ. ಆಗುಂಬೆ, ಹುಲಿಕಲ್ಲು ಸೀಮೆಯ ಮಳೆ ನೋಡಲೆಂದೇ ಬರುವವರು ಇದ್ದಾರೆ, ಅವರು ಬರುತ್ತಾರೆ.

ಕಾಗದಪತ್ರ: ಪಂಚಾಯಿತಿಯ ಇ-ಸ್ವತ್ತು (ಆಸ್ತಿಯ ಗಣಕೀಕೃತ ದಾಖಲೆ) ಸರಿಮಾಡಿಸಿಕೊಂಡು ಜಿಲ್ಲಾ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಗೆ ಅರ್ಜಿ ಹಾಕಿ. ಹೋಂಸ್ಟೇ ಎನ್ನಬೇಕಾದರೆ ಮನೆಯವರು ಅಲ್ಲೇ ವಾಸವಿರಬೇಕು. ವಿದೇಶದವರು ತಂಗಿದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು.

ಪ್ರಶ್ನೆ: ನಮ್ಮ ಹಳೇ ಮನೆಯ ಹಿಂದೆ ಸೊಪ್ಪಿನಬೆಟ್ಟವಿದೆ. ಅತಿಥಿಗಳಿಗೆ ಅಲ್ಲಿ ಟೆಂಟ್ ಹಾಕಿಕೊಡಬಹುದೇ? — ಓದುಗರು, ಸಾಗರ

ಉತ್ತರ: ಬೇಡ. ಸೊಪ್ಪಿನಬೆಟ್ಟದಲ್ಲಿ ನಿಮಗಿರುವುದು ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರುವ ಸೌಲಭ್ಯ. ಜಾಗ ನಿಮ್ಮದಲ್ಲ. ಬೆಟ್ಟ ಹಾಳಾದರೆ ಕೆಳಗಿನ ತೋಟವೂ ಉಳಿಯುವುದಿಲ್ಲ ಎಂಬುದು ನಿಮಗೆ ನಾನು ಹೇಳಬೇಕಿಲ್ಲ.

ಇನ್ನೊಂದು ದೊಡ್ಡ ಕಾರಣ ಮಂಗನ ಕಾಯಿಲೆ. 1957ರಲ್ಲಿ ಅದು ಮೊದಲು ಗುರುತಿಗೆ ಬಂದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಅದರಿಂದ ನಿಮ್ಮ ತಾಲ್ಲೂಕಿನ ಅರಳಗೋಡು ಪಟ್ಟ ಪಾಡು ಕಣ್ಣ ಮುಂದೆಯೇ ಇದೆ. ರೋಗ ಹರಡುವ ಉಣುಗು (ಉಣ್ಣೆಹುಳ) ಹೆಚ್ಚಾಗುವುದು ಡಿಸೆಂಬರಿನಿಂದ ಮೇವರೆಗೆ, ಅಂದರೆ ಅತಿಥಿಗಳು ಹೆಚ್ಚು ಬರುವ ಕಾಲದಲ್ಲೇ. ಆಗ ಕಾಡಿನ ನಡಿಗೆಗೆ ಕರೆದೊಯ್ಯಬೇಡಿ. ತೋಟದ ದಾರಿಯಲ್ಲಿ ಓಡಾಡಿದರೂ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಸಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿಸಿ, ಬಟ್ಟೆ ಒಗೆಯಲು ಹಾಕಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಗೆ ಹೋದ ಮೇಲೆ ಜ್ವರ ಬಂದರೆ, ತಾನು ಮಲೆನಾಡಿನಲ್ಲಿ ತಂಗಿದ್ದೆ ಎಂದು ವೈದ್ಯರಿಗೆ ಹೇಳುವಂತೆ ಪ್ರತಿ ಅತಿಥಿಗೂ ಹೊರಡುವಾಗ ತಿಳಿಸಿ ಕಳಿಸಿ.