ನೋಡೋಕೆ ಚೆನ್ನಾಗೇ ಇದ್ದಾರಲ್ಲ!

ಪತ್ರ: ನನಗೆ ಪರಿಚಯದವರೊಬ್ಬರು ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ಆದರೂ ಕೈಯಲ್ಲಿ ಅಂಗವಿಕಲರ ಕಾರ್ಡ್! ಪಾರ್ಕಿನ್ಸನ್ ಅಂತೆ. ಕಾಯಿಲೆಗೆಲ್ಲ ಕಾರ್ಡ್ ಕೊಡುತ್ತ ಹೋದರೆ ನಿಜವಾದ ಅಂಗವಿಕಲರ ಗತಿ ಏನು? (ಒಬ್ಬ ಓದುಗರು)

ಉತ್ತರ: ಸುಳ್ಳು ಸರ್ಟಿಫಿಕೇಟಿನವರು ಇದ್ದಾರೆ, ಒಪ್ಪಿದೆ. ಅಂಥವರಿಗೆಂದೇ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 91ನೇ ಸೆಕ್ಷನ್ ಇದೆ: ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಅವರನ್ನು ಅಲ್ಲಿಗೆ ಬಿಡೋಣ.

ಚುಚ್ಚಿದ್ದು ನಿಮ್ಮ 'ನಿಜವಾದ' ಎಂಬ ಮಾತು. ಅದಕ್ಕೂ ಹಿಂದಿನ 1995ರ ಕಾಯ್ದೆಯಲ್ಲಿ ಏಳೇ ಬಗೆಯ ವೈಕಲ್ಯಗಳಿದ್ದವು, 2016ರಲ್ಲಿ ಅವು 21 ಆದವು. ಕೈಕಾಲು ನಡುಗಿಸಿ ಬಿಗಿಯುವ ನರರೋಗ ಪಾರ್ಕಿನ್ಸನ್, ರಕ್ತದ ಕಾಯಿಲೆಗಳಾದ ಹಿಮೋಫಿಲಿಯಾ, ಥಲಸ್ಸೇಮಿಯಾ ಒಳಬಂದದ್ದು ಆಗ. ನಿಮ್ಮ ಪರಿಚಯದವರು ವಾಕಿಂಗಿಗೆ ಹೊರಡುವುದು ಎಷ್ಟು ಗಂಟೆಗೆ, ಗಮನಿಸಿದ್ದೀರಾ? ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆ ಮೈ ಸಡಿಲಾಗುತ್ತದೆ. ಅದರ ಜೋರು ಇಳಿದಾಗ ಅದೇ ಮನುಷ್ಯನ ಬೆರಳಿಗೆ ಅಂಗಿಯ ಗುಂಡಿ ಸಿಗುವುದಿಲ್ಲ. ಹೊಸ್ತಿಲ ಬಳಿ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ನಿಮ್ಮ ಕಣ್ಣಿಗೆ ಬಿದ್ದದ್ದು ಅವರ ದಿನದ ಒಳ್ಳೆಯ ಗಂಟೆ.

ವೈಕಲ್ಯ ಅಳೆದು ಸರ್ಟಿಫಿಕೇಟು ಕೊಡುವ ಮೆಡಿಕಲ್ ಬೋರ್ಡಿನ ಕಣ್ಣಿಗೂ ಎಷ್ಟೋ ಸಲ ಬೀಳುವುದು ಅದೇ ಗಂಟೆ. ಆದ್ದರಿಂದ ಅರ್ಜಿದಾರರು ಮಾತ್ರೆ ನುಂಗಿದ ಹೊತ್ತನ್ನು ಅಲ್ಲಿ ಬಾಯಿಬಿಟ್ಟು ಹೇಳಬೇಕು. ನರರೋಗ ತಜ್ಞರಿಂದ ಬರೀ ಕಾಯಿಲೆಯ ಹೆಸರು ಬರೆಸಿಕೊಂಡು ಹೋದರೆ ಸಾಲದು. ಮಾತ್ರೆ ಎಷ್ಟು ಹೊತ್ತು ಹಿಡಿಯುತ್ತದೆ, ಇಳಿದಾಗ ಏನೇನು ಕೈಲಾಗದು, ಎಷ್ಟು ಸಲ ಬಿದ್ದಿದ್ದಾರೆ, ಇಷ್ಟೂ ಇರಲಿ. ಬೋರ್ಡು ಹಾಕಬೇಕಾದದ್ದು ವೈಕಲ್ಯ ಎಷ್ಟು ಎಂಬ ಶೇಕಡಾವಾರು ಅಂಕ. ರೋಗದ ಹೆಸರಿಂದ ಅದು ಹುಟ್ಟುವುದಿಲ್ಲ. ಕಾರ್ಡಿನ ಅರ್ಜಿ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ (ಆಧಾರ್‌ನಲ್ಲಿ ಹೆಸರು ಹೇಗಿದೆಯೋ ಹಾಗೇ ತುಂಬಿ, ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಓಡಾಟ ತಪ್ಪದು). ಶೇ. 40ರಿಂದ ಹಳದಿ ಕಾರ್ಡ್, 80ರಿಂದ ನೀಲಿ. ಅದಕ್ಕಿಂತ ಕೆಳಗಿನದು ಬಿಳಿ, ಅದಕ್ಕೆ ಮೀಸಲಾತಿ ಇಲ್ಲ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ, 90 ದಿನದೊಳಗೆ ಮೇಲ್ಮನವಿ ಹಾಕಿ. 'ಆಗಲ್ಲಮ್ಮ, ಹೋಗಿ' ಎಂಬ ಬಾಯಿಮಾತಿನ ಮೇಲೆ ಮೇಲ್ಮನವಿ ನಿಲ್ಲುವುದಿಲ್ಲ.

ಇನ್ನು ಕಾಯಿಲೆಗೆಲ್ಲ ಕಾರ್ಡ್ ಎಂದಿರಿ. ಎಲ್ಲಿ ಕೊಟ್ಟಿದ್ದಾರೆ ಸ್ವಾಮಿ? ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಮಲಗುವವರ ಕಿಡ್ನಿ ವೈಫಲ್ಯ ಆ 21ರಲ್ಲಿ ಇಲ್ಲವೇ ಇಲ್ಲ. ಥಲಸ್ಸೇಮಿಯಾದ ಹುಡುಗಿಗೆ ಶೇ. 40 ಬಂದರೆ ಕಾಲೇಜಿನ ಶೇ. 5ರ ಮೀಸಲು ಸೀಟಿನಲ್ಲಿ ಪಾಲುಂಟು. ಡಿಗ್ರಿ ಮುಗಿಸಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದಳೋ, ಅಲ್ಲಿನ ಶೇ. 4ರ ಮೀಸಲಾತಿ ಪಟ್ಟಿಯಲ್ಲಿ ರಕ್ತದ ಕಾಯಿಲೆಗಳ ಸುದ್ದಿಯೇ ಇಲ್ಲ. ಆ ಡಿಗ್ರಿ ಅವಳ ರಕ್ತವನ್ನೇನು ಬದಲಾಯಿಸಿತೆ?

ಕೇಂದ್ರದ ಅಂಗವಿಕಲ ಪಿಂಚಣಿಗೆ ಶೇ. 80 ವೈಕಲ್ಯ ಬೇಕು, ಬಡತನ ರೇಖೆಯ ಕೆಳಗೂ ಇರಬೇಕು. ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಇದರಲ್ಲಿ ಯಾರು ಯಾರ ಪಾಲನ್ನು ಕಿತ್ತುಕೊಂಡರು, ಲೆಕ್ಕ ಹಾಕಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಜಾಗವಿದೆ.